ನಿನ್ನೆ ಏನೇನು ತಿಂದಿರಿ?

ವಿಶ್ವವಿದ್ಯಾಲಯದಲ್ಲಿ ಪೌಷ್ಟಿಕತೆಯ ಬಗ್ಗೆ ಸಂಶೋಧನೆ ಮಾಡುವುದು ನನ್ನ ಕೆಲಸ. ಪಿಎಚ್‌ಡಿಗೆ ಸೇರಿದಾಗ ಲ್ಯಾಬಿನಲ್ಲೇ ದಿನ ಕಳೆಯುತ್ತೇನೆ ಅಂದುಕೊಂಡಿದ್ದೆ. ಮೊದಲ ವರ್ಷ ಪೂರ್ತಿ ಕಳೆದದ್ದು ಒಂದೇ ಪ್ರಶ್ನೆ ಕೇಳುವುದರಲ್ಲಿ: "ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದಿರಿ?"

ಇದನ್ನು 24 ಗಂಟೆಯ ಡಯಟ್ ರೀಕಾಲ್ ಅನ್ನುತ್ತಾರೆ. ಅಳತೆಯ ಬಟ್ಟಲು, ಚಮಚ ಮುಂದಿಟ್ಟುಕೊಂಡು ಕೇಳಬೇಕು. ಹೇಳಿದ್ದನ್ನೆಲ್ಲ ಗ್ರಾಂಗೆ ಇಳಿಸಬೇಕು. ಆಮೇಲೆ ಕ್ಯಾಲೊರಿ ಲೆಕ್ಕ.

ಒಬ್ಬ ಮಹಿಳೆಯ ಲೆಕ್ಕ ದಿನಕ್ಕೆ 1,400 ಕಿಲೊಕ್ಯಾಲೊರಿ ಬಂತು. ಅವರದು ದಿನವಿಡೀ ಓಡಾಟದ ಕೆಲಸ. ತೂಕವೂ ಇಳಿದಿರಲಿಲ್ಲ. ನಾನು ಹಾಳೆಯ ಅಂಚಿನಲ್ಲಿ 'ನಂಬುವ ಹಾಗಿಲ್ಲ' ಎಂದು ಬರೆದೆ. ಗೈಡ್ ಅದನ್ನು ನೋಡಿ ಕೇಳಿದರು: "ಅಡುಗೆಗೆ ಎಷ್ಟು ಎಣ್ಣೆ ಹಾಕಿದ್ರು ಅಂತ ಕೇಳಿದ್ರಾ? ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನ ಯಾರು ತಿಂದ್ರು?" ನಾನು ಕೇಳಿರಲಿಲ್ಲ. ಎಣ್ಣೆಯ ವಿಷಯ ಚಿಕ್ಕದಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊಕ್ಯಾಲೊರಿ ಇರುತ್ತದೆ, ಪ್ರೋಟೀನಿನಲ್ಲಿ 4 ಮಾತ್ರ. ಅವತ್ತು ಆ ಬರಹ ಹೊಡೆದು ಹಾಕಿದೆ. ತುಂಬಾ ನಾಚಿಕೆಯಾಯಿತು.

ಮುಂದೆ ನಾನು ಹಿಡಿದ ದಾರಿ ಅಲ್ಲಿಂದಲೇ ಶುರುವಾಯಿತು. ಹೇಳಿದ್ದಕ್ಕೂ ತಿಂದದ್ದಕ್ಕೂ ಎಷ್ಟು ಅಂತರ? ಅದನ್ನು ತಿಳಿಯಲು ಒಂದು ಚೆಂದದ ವಿಧಾನ ಇದೆ. ಮನುಷ್ಯರಲ್ಲಿ ಅದನ್ನು ಬಳಸಿದ ಮೊದಲ ವರದಿ ಬಂದದ್ದು 1982ರಲ್ಲಿ. ಡ್ಯೂಟೀರಿಯಂ (ಹೈಡ್ರೋಜನ್‌ನ ಭಾರವಾದ ರೂಪ) ಮತ್ತು ಆಕ್ಸಿಜನ್-18 (ಆಕ್ಸಿಜನ್‌ನ ಭಾರವಾದ ರೂಪ) ಇರುವ ನೀರು ಕುಡಿಸುತ್ತೇವೆ. ಇದರಲ್ಲಿ ವಿಕಿರಣ ಇಲ್ಲ. ಡ್ಯೂಟೀರಿಯಂ ಮೈಯಿಂದ ನೀರಾಗಿಯೇ ಹೊರಹೋಗುತ್ತದೆ. ಆಕ್ಸಿಜನ್-18 ನೀರಾಗಿಯೂ ಹೋಗುತ್ತದೆ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಅದಕ್ಕೇ ಅದು ಬೇಗ ಕಡಿಮೆಯಾಗುತ್ತದೆ. ಸುಮಾರು ಎರಡು ವಾರ ಮೂತ್ರದ ಮಾದರಿ ತೆಗೆದುಕೊಂಡು ಆ ವ್ಯತ್ಯಾಸ ಅಳೆದರೆ, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಹೋಯಿತು, ಅದರಿಂದ ದೇಹ ಎಷ್ಟು ಶಕ್ತಿ ಖರ್ಚು ಮಾಡಿತು ಎಂದು ಸಿಗುತ್ತದೆ. ತೂಕ ಬದಲಾಗದಿದ್ದರೆ, ತಿಂದದ್ದೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ?

ಆಕ್ಸಿಜನ್-18 ತುಂಬಾ ದುಬಾರಿ. ಮೊದಲ ಎರಡು ಗ್ರಾಂಟ್ ಅರ್ಜಿಗಳು ತಿರಸ್ಕೃತವಾದವು. ಮೂರನೆಯದು ಸಿಕ್ಕಿತು. ಎಥಿಕ್ಸ್ ಕಮಿಟಿಯ ಒಪ್ಪಿಗೆ, ಪಾಠ, ಪರೀಕ್ಷೆ ಪತ್ರಿಕೆ ತಿದ್ದುವುದು, ಇವೆಲ್ಲದರ ನಡುವೆಯೇ ಕೆಲಸ ಸಾಗಿತು.

ಫಲಿತಾಂಶ ಬಂದಾಗ, ಜನ ತಿಂದೆವೆಂದು ಹೇಳಿದ ಲೆಕ್ಕ ದೇಹದ ಶಕ್ತಿಯ ಖರ್ಚಿಗಿಂತ ಕಡಿಮೆಯೇ ಇತ್ತು. ಬೇರೆ ಕಡೆ ನಡೆದ ಇಂಥ ಅಧ್ಯಯನಗಳಲ್ಲೂ ಹೀಗೇ ಕಂಡಿದೆ. ತೂಕ ಜಾಸ್ತಿ ಇರುವವರಲ್ಲಿ ಅಂತರ ಇನ್ನೂ ದೊಡ್ಡದಾಗಿರುತ್ತದೆ. ಅವರನ್ನು ಸುಳ್ಳುಗಾರರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಟ್ಟೆಯ ಬಗ್ಗೆ ಬೈಸಿಕೊಂಡು ಬೈಸಿಕೊಂಡು ಬಂದವರು, ಅಪರಿಚಿತರ ಮುಂದೆ ಎಲ್ಲವನ್ನೂ ಹೇಗೆ ಹೇಳುತ್ತಾರೆ?

ಈ ಕ್ಷೇತ್ರಕ್ಕೆ ಬರುವವರು ಅಂಕಿಅಂಶ ಶಾಸ್ತ್ರ ಚೆನ್ನಾಗಿ ಕಲಿಯಿರಿ. ಅಡುಗೆಯನ್ನೂ ಕಲಿಯಿರಿ, ಇಲ್ಲದಿದ್ದರೆ ಏನು ಕೇಳಬೇಕು ಅಂತಲೇ ಹೊಳೆಯುವುದಿಲ್ಲ.

ಹೊಸ ವಿದ್ಯಾರ್ಥಿ ಬಂದಾಗ ಮೊದಲ ಸಂದರ್ಶನಕ್ಕೆ ನಾನೂ ಪಕ್ಕದಲ್ಲಿ ಕೂರುತ್ತೇನೆ. ಪಟ್ಟಿ ಮುಗಿದ ಮೇಲೆ "ಇನ್ನೇನಾದರೂ ನೆನಪಾಗುತ್ತಾ?" ಎಂದು ಕೇಳಿ, ಪೆನ್ನು ಕೆಳಗಿಟ್ಟು ಸುಮ್ನೆ ಕೂರಲು ಹೇಳಿಕೊಡುತ್ತೇನೆ. ಎಷ್ಟೋ ಸಲ ಆಗಲೇ ಎದುರಿನವರು ಹೇಳುತ್ತಾರೆ: "ಹಾ, ರಾತ್ರಿ ಮಲಗೋ ಮುಂಚೆ ಒಂಚೂರು ತಿಂದಿದ್ದೆ."