ಖಾಲಿ ಗುಂಡಿಗೆ ಕೂರದ ನಾಯಿ

"ನಿನ್ನ ನಾಯಿ ಬಾರೂದು ಹುಡುಕ್ತಿಲ್ಲ, ನಿನ್ನ ಬೂಟು ಹುಡುಕ್ತಿದೆ." ನಾಯಿ ತರಬೇತಿ ನೋಡಿಕೊಳ್ಳುತ್ತಿದ್ದ ಉಸ್ತಾದರು ಹಿಂದಿಯಲ್ಲಿ ಹೀಗೆ ಹೇಳಿದಾಗ ಸುತ್ತ ನಿಂತವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಅದು 1998ರ ಚಳಿಗಾಲ. ಮೀರತ್‌ನ ಆರ್‌ವಿಸಿ ಸೆಂಟರ್‌ನಲ್ಲಿ (ಸೈನ್ಯದ ಪ್ರಾಣಿಗಳನ್ನು ನೋಡಿಕೊಳ್ಳುವ ದಳದ ಕೇಂದ್ರ) ಕೋರ್ಸ್ ಮುಗಿಸಿ ಕಾಶ್ಮೀರಕ್ಕೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಜೊತೆಗಿದ್ದದ್ದು ಒಂದು ಹೆಣ್ಣು ಲ್ಯಾಬ್ರಡಾರ್. ಕಾಗದದಲ್ಲಿ ಅದಕ್ಕೆ ಬೇರೆ ಹೆಸರು, ನನಗೆ ಮಾತ್ರ ಚಿನ್ನಿ.

ಬಾರೂದು ನಾನು ಹೂತಿಟ್ಟರೆ ಹತ್ತಕ್ಕೆ ಹತ್ತು ಹಿಡಿಯುತ್ತಿದ್ದಳು. ವಾಸನೆ ಸಿಕ್ಕ ಕಡೆ ಕೂತುಬಿಡುವುದೇ ಅವಳ ಸೂಚನೆ. ಉಸ್ತಾದರು ಹೂತಿಟ್ಟ ದಿನ ನಾಲ್ಕೋ ಐದೋ. ಅದರಲ್ಲೂ ಎರಡು ಸಲ ಏನೂ ಇಲ್ಲದ ಜಾಗದಲ್ಲಿ ಕೂತಳು. ಅಂದರೆ ಅವಳು ಕಲಿತಿದ್ದು ಹೊಸದಾಗಿ ಕೆದಕಿದ ಮಣ್ಣು, ನನ್ನ ಕೈವಾಸನೆ, ನನ್ನ ಮುಖ. ಜಾಗ ಹತ್ತಿರ ಬಂದಾಗ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆನಂತೆ. ಅದು ಗೊತ್ತಾಗದೆ ಇರೋಕೆ ನಾಯಿ ಏನು ಕಲ್ಲಾ?

ಈ ತಪ್ಪು ನಾನೊಬ್ಬನೇ ಮಾಡಿದ್ದಲ್ಲ ಅಂತ ಆಮೇಲೆ ಓದಿ ತಿಳಿಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ಹೂತ ಮೈನ್ ಪತ್ತೆಗೆ ನಾಯಿಗಳಿಗೆ ಕರೆಂಟ್ ಶಾಕ್ ಕೊಟ್ಟು ಕಲಿಸಿ ಉತ್ತರ ಆಫ್ರಿಕಾಕ್ಕೆ ಒಯ್ದಿದ್ದರು. ಅವೂ ಸಿಡಿಮದ್ದಿಗಿಂತ ಕೆದಕಿದ ನೆಲವನ್ನೇ ನಂಬಿ ಸೋತವು. ಅದೇ ಯುದ್ಧದ ಕೊನೆಯ ವರ್ಷದಲ್ಲಿ ರಷ್ಯನ್ನರ ಜುಲ್‌ಬಾರ್ಸ್ ಅನ್ನೋ ನಾಯಿ 7,000ಕ್ಕೂ ಜಾಸ್ತಿ ಮೈನ್ ಹಿಡಿಯಿತು, ಮೆಡಲ್ ಪಡೆಯಿತು. ಅಂದಮೇಲೆ ತಪ್ಪು ನಾಯಿ ಮೂಗಿನದಲ್ಲ.

ಮೊದಲು ಸಿಕ್ಕಿಬಿದ್ದದ್ದು ಸ್ಯಾಂಪಲ್ ಪೆಟ್ಟಿಗೆ, ಅಂದರೆ ನಾಯಿಗೆ ಕಲಿಸೋಕೆ ಇಟ್ಟ ಸ್ಫೋಟಕಗಳ ಪೆಟ್ಟಿಗೆ. ಟಿಎನ್‌ಟಿ, ಆರ್‌ಡಿಎಕ್ಸ್, ಅಮೋನಿಯಂ ನೈಟ್ರೇಟ್ ಎಲ್ಲಾ ಒಂದೇ ಕಡೆ ಇಟ್ಟರೆ ಒಂದರ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ. ಆರ್‌ಡಿಎಕ್ಸ್‌ಗಂತೂ ಸ್ವಂತ ವಾಸನೆ ಬಹಳ ಕಡಿಮೆ. ಗುಜರಿಯಿಂದ ಹಳೇ ಹಾರ್ಲಿಕ್ಸ್ ಗಾಜಿನ ಬಾಟಲಿ ತಂದು ಬೇರೆ ಬೇರೆ ಮಾಡಿದೆ. ಬಾಟಲಿ, ಕೈಗವಸು, ಟೆನಿಸ್ ಚೆಂಡು ಎಲ್ಲಾ ಸೇರಿ ಆ ವರ್ಷ ಸಾವಿರದ ಇನ್ನೂರು ರೂಪಾಯಿ ಹತ್ತಿರ ನನ್ನ ಜೇಬಿನಿಂದ ಹೋಯಿತು. ಸಂಬಳ ಆಗ ನಾಲ್ಕೂವರೆ ಸಾವಿರದ ಆಸುಪಾಸು. ಮನಿಯಾರ್ಡರ್ ಯಾಕೆ ಕಡಿಮೆ ಬಂತು ಅಂತ ಮುಧೋಳದಿಂದ ಹೆಂಡತಿ ಕಾಗದ ಬರೆದಳು. ಚೆಂಡು ತಗೊಂಡೆ ಅಂತ ಯಾವ ಬಾಯಲ್ಲಿ ಹೇಳಲಿ?

ಆಮೇಲೆ ಖಾಲಿ ಗುಂಡಿ. ಇಪ್ಪತ್ತು ಗುಂಡಿ ತೋಡಿಸಿದರೆ ಮೂರರಲ್ಲಿ ಮಾತ್ರ ಮಾಲು. ಉಳಿದದ್ದರಲ್ಲಿ ಚಹಾಪುಡಿ, ಸೀಮೆಎಣ್ಣೆ ಬಟ್ಟೆ, ಬ್ಯಾಟರಿ ಸೆಲ್, ಸೋಪು, ಹರಿದ ಬೂಟು. ಕೆಲವು ಸುಮ್ನೆ ಮಣ್ಣು ಮುಚ್ಚಿದ್ದು. ಹೂಳುವವನು ಬೇರೆ, ಹೂತಮೇಲೆ ಅವನೂ ಅಲ್ಲಿ ನಿಲ್ಲಬಾರದು. ಮಳೆ, ಹಿಮ ಬೀಳಲಿ ಅಂತ ಐದಾರು ದಿನ ಹಾಗೇ ಬಿಡುವುದು. ನನಗೂ ಜಾಗ ಗೊತ್ತಿರಬಾರದು.

ಮೊದಲ ತಿಂಗಳು ನರಕ. ಖಾಲಿ ಹುಡುಕಿ ಹುಡುಕಿ ಚಿನ್ನಿ ಮುನಿಸಿಕೊಂಡು ಮಲಗಿಬಿಡುತ್ತಿದ್ದಳು. ಸಾಹೇಬರೊಬ್ಬರು "ನಾಯಿ ಕೆಡಿಸ್ತಿದ್ದೀಯ" ಅಂತ ಬೈದರು. ಬಿಸ್ಕತ್ತು ಬಿಟ್ಟು ಬರೀ ಚೆಂಡಿಗೆ ಬಂದಮೇಲೆ ದಾರಿಗೆ ಬಂದಳು. ಕೂತ ಮೇಲೆ ಚೆಂಡು ನನ್ನ ಕೈಯಿಂದ ಬಂತು ಅಂತ ಅವಳಿಗೆ ಅನ್ನಿಸಬಾರದು, ನೆಲದಿಂದಲೇ ಬಂದ ಹಾಗಿರಬೇಕು. ಅದನ್ನು ಹೇಗೆ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚಾಟ. ಎಲ್ಲರ ನಾಯಿಗೂ ಹಿಂದಿಯೋ ಇಂಗ್ಲಿಷೋ. ಚಿನ್ನಿಗೆ ನಾನು "ಹುಡ್ಕು" ಅಂತಲೇ ಕಲಿಸಿದೆ. ಅಕ್ಕಪಕ್ಕದವರು ಸುಮ್ಮನೆ ಕೂಗಿದರೆ ಅವಳು ತಿರುಗಿ ನೋಡುತ್ತಿರಲಿಲ್ಲ, ಲಾಭವೇ. ಆದರೆ ನಾನು ರಜೆಗೆ ಹೋದಾಗ ಹರಿಯಾಣದ ಹುಡುಗನೊಬ್ಬ ಎರಡು ದಿನ "ಹುಡಕೂ, ಹುಡಕೂ" ಅಂತ ಪರದಾಡಿದ. ಬಂದಮೇಲೆ ನನಗೆ ಒಂದು ವಾರ ಬೈಗುಳ.

1999ರ ಬೇಸಿಗೆಗೆ ಕಾರ್ಗಿಲ್ ಹೊತ್ತಿಕೊಂಡಿತು. ಶ್ರೀನಗರ–ಲೇಹ್ ರಸ್ತೆಯಲ್ಲಿ ಫಿರಂಗಿ ಗುಂಡು ಹೊತ್ತ ಲಾರಿಗಳು ಸೋನಾಮಾರ್ಗ್, ಜೋಜಿಲಾ ಕಡೆ ಹೋಗುತ್ತಲೇ ಇದ್ದವು. ಬೆಳಕು ಹರಿಯೋ ಮೊದಲೇ ನಮ್ಮ ಆರ್‌ಒಪಿ, ಅಂದರೆ ಲಾರಿಗಳು ಬರೋ ಮುಂಚೆ ರಸ್ತೆ ತಪಾಸಣೆ ಮಾಡೋ ತಂಡ. ಕಂಗನ್ ದಾಟಿದ ಮೇಲೆ ಐದಾರು ಕಿಲೋಮೀಟರ್ ನಮ್ಮ ಪಾಲು. ಕಾನ್‌ವಾಯ್ ಹೋದಮೇಲೆ ಹುಡುಕೋದು ದಂಡ, ಡೀಸೆಲ್ ಹೊಗೆ ಕೂತಿರುತ್ತದೆ. ಇಪ್ಪತ್ತು ನಿಮಿಷ ಕೆಲಸ, ಆಮೇಲೆ ನೆರಳು, ನೀರು. ಬಾಯಿ ತೆರೆದು ಏದುಸಿರು ಬಿಡೋ ನಾಯಿ ಸರಿಯಾಗಿ ಮೂಸುವುದಿಲ್ಲ.

ವಾರಗಟ್ಟಲೆ ಏನೂ ಸಿಗದಿದ್ದರೆ ನಾಯಿಗೆ ಬೇಜಾರು. ಅದಕ್ಕೆ ನನಗೆ ಹೇಳದೆ ದಾರಿಯಲ್ಲಿ ಎಲ್ಲಾದರೂ ಒಂದು ಸ್ಯಾಂಪಲ್ ಇಡಿಸುತ್ತಿದ್ದೆ. ದಿನಕ್ಕೊಂದು ಚೆಂಡು ಗ್ಯಾರಂಟಿ.

ಜೂನ್ ಕೊನೆ ಇರಬೇಕು. ಒಂದು ಮೋರಿ ದಾಟಿ ಹತ್ತು ಹೆಜ್ಜೆ ಮುಂದೆ ಹೋದವಳು ತಲೆ ತಿರುಗಿಸಿದಳು. ಗಾಳಿ ರಸ್ತೆ ಪಕ್ಕದ ಸಿಂಧ್ ಹೊಳೆ ಕಡೆಯಿಂದ ಬರುತ್ತಿತ್ತು. ವಾಪಸ್ ಬಂದು ಮೋರಿ ಪಕ್ಕ ಕೂತಳು. ಹುಲ್ಲು ಹಾಗೇ ಇತ್ತು, ಮಣ್ಣು ಕೆದಕಿದ ಗುರುತಿಲ್ಲ. ಲೋಹ ಹುಡುಕೋ ಡಿಟೆಕ್ಟರ್ ಕೂಗಲಿಲ್ಲ. ಸ್ಯಾಂಪಲ್ ಇಡುವ ಹುಡುಗನ ಮುಖ ನೋಡಿದೆ. ಅವನು ಅಲ್ಲ ಅಂತ ತಲೆ ಆಡಿಸಿದ. ಅವತ್ತಿನಷ್ಟು ಕಾಲು ನಡುಗಿದ್ದು ಇನ್ಯಾವತ್ತೂ ಇಲ್ಲ.

ಚಿನ್ನಿಯನ್ನು ಹಿಂದಕ್ಕೆ ಕರೆದು, ದೂರ ಬಂದಮೇಲೆ ಚೆಂಡು ಕೊಟ್ಟೆ. "ಮತ್ತೆ ಬೂಟು ಇರಬೇಕು" ಅಂದ ಒಬ್ಬ. ಎಂಜಿನಿಯರ್‌ಗಳು ಬಂದು ತೆಗೆದಾಗ ಸಿಕ್ಕಿದ್ದು ಪ್ಲಾಸ್ಟಿಕ್ ಜೆರಿಕ್ಯಾನ್. ಒಳಗೆ ಬಾರೂದು, ಕಣ್ಣಂದಾಜಿಗೆ ಎಂಟು ಹತ್ತು ಕೆ.ಜಿ. ಹಿಂದೆ ಎರಡು ಮೂರು ಗಂಟೆ ಲಾರಿಗಳು ಸಾಲಾಗಿ ನಿಂತಿದ್ದವು. ಬೂಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ನಿವೃತ್ತಿಯಾಗಿ ಊರಿಗೆ ಬಂದಮೇಲೆ ನಮ್ಮ ಮುಧೋಳ ನಾಯಿಗೂ ಇದೇ ಗುಂಡಿ ಆಟ ಆಡಿಸಿದೆ, ಬಾರೂದಿನ ಬದಲು ಲವಂಗ ಹೂತು. ಮೂಗು ಕೆಟ್ಟದ್ದಲ್ಲ. ಆದರೆ ಕಣ್ಣಿಗೆ ಮೊಲ ಬಿತ್ತೋ, ಲವಂಗವೂ ಇಲ್ಲ, ನಾನೂ ಇಲ್ಲ. 2016ರಲ್ಲಿ ಸೈನ್ಯದವರು ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದರು ಅಂತ ಕೇಳಿದಾಗ, ಅಲ್ಲಿನ ಹುಡುಗರ ತಾಳ್ಮೆ ನೆನೆದು ನಗು ಬಂತು.

ಕಾರ್ಗಿಲ್ ಯುದ್ಧ ಮುಗಿದ ಮೇಲೆ ಉಸ್ತಾದರ ಕಾಗದ ಬಂದಿತ್ತು. ಖಾಲಿ ಗುಂಡಿಯಲ್ಲಿ ಏನೇನು ಹಾಕುತ್ತಿದ್ದೆ, ಪಟ್ಟಿ ಕಳಿಸು ಅಂತ ಬರೆದಿದ್ದರು. ಕಳಿಸಿದೆ. ಒಂದು ಸಾಮಾನು ಬಿಟ್ಟು.