ನಂಬರ್ ಉಳಿಸಿಕೊಂಡು ಲ್ಯಾಂಡ್‌ಲೈನ್ ಬಾಡಿಗೆ ಇಳಿಸಿಕೊಳ್ಳುವುದು ಹೇಗೆ

ಮೊದಲು ಹಳೆಯ ಮೂರು ತಿಂಗಳ ಬಿಲ್ ತೆಗೆದಿಟ್ಟುಕೊಳ್ಳಿ. ಕೆಳಗಿನ ಒಟ್ಟು ಮೊತ್ತ ಬಿಡಿ, ಒಳಗಿನ ಸಾಲು ನೋಡಿ. ತಿಂಗಳ ಬಾಡಿಗೆ ಒಂದು ಸಾಲು, ಕರೆಗಳದ್ದು ಇನ್ನೊಂದು, ಅದರ ಮೇಲೆ ಶೇ 18 ಜಿಎಸ್‌ಟಿ, ತಡವಾಗಿ ಕಟ್ಟಿದ್ದರೆ ದಂಡ ಬೇರೆ. ಅಮ್ಮನ ಮನೆಯ ಬಿಲ್ ಹೀಗೆ ಬಿಡಿಸಿ ನೋಡಿದಾಗ ಕರೆಯ ಸಾಲಿನಲ್ಲಿ ಸೊನ್ನೆ. ಮೂರು ತಿಂಗಳೂ ಸೊನ್ನೆಯೇ. ಅಮ್ಮ ಅಷ್ಟೂ ದುಡ್ಡು ಕೊಡುತ್ತಿದ್ದುದು ಚಿಕ್ಕಮ್ಮನ ಮಧ್ಯಾಹ್ನದ ಫೋನ್ ಬರಲಿ ಅಂತ, ಅಷ್ಟೇ. ಜೊತೆಗೆ ನಾನು ಬೇರೆ ಕಂಪನಿಯಿಂದ ಹಾಕಿಸಿದ್ದ ವೈಫೈಗೆ ಇನ್ನೊಂದು ಬಿಲ್! ಒಂದೇ ಮನೆಗೆ ಎರಡು ಬಾಡಿಗೆ. ನಿಮ್ಮಲ್ಲೂ ಹೀಗಿದ್ದರೆ ಉಳಿತಾಯ ಇರುವುದು ಅಲ್ಲೇ.

ಯಾಕೆಂದರೆ ಈಗ ಫೋನಿಗೆ ಅಂತ ಪ್ರತ್ಯೇಕ ಬಾಡಿಗೆ ಕೊಡಬೇಕಾದ ಕಾಲ ಹೋಗಿದೆ. 2019ರ ಸೆಪ್ಟೆಂಬರ್‌ನಲ್ಲಿ ಜಿಯೋ ಫೈಬರ್ ಬಂದಾಗ ಇಂಟರ್ನೆಟ್ ಜೊತೆ ದೇಶದೊಳಗಿನ ಕರೆ ಪುಕ್ಕಟೆ ಕೊಟ್ಟಿತು. ಆಗ ಶುರುವಾಗಿದ್ದು 699 ರೂಪಾಯಿಂದ. ಮರುವರ್ಷವೇ 399ರ ಪ್ಲಾನ್ ಬಂತು, ಅದರ ಬೆನ್ನಿಗೇ ಏರ್‌ಟೆಲ್ 499ಕ್ಕೆ, ಬಿಎಸ್‌ಎನ್‌ಎಲ್ 449ಕ್ಕೆ ಇಳಿದವು, ಎಲ್ಲದರಲ್ಲೂ ಫೋನ್ ಸೇರಿಯೇ. ಇವತ್ತಿನ ರೇಟು ನಿಮ್ಮ ಏರಿಯಾದಲ್ಲಿ ಎಷ್ಟಿದೆ ವಿಚಾರಿಸಿಕೊಳ್ಳಿ, ಆದರೆ ಲೆಕ್ಕ ಹಾಕುವ ರೀತಿ ಅದೇ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ 399 ಇರುತ್ತದೆ, ಜಿಎಸ್‌ಟಿ ಇರುವೆ ಗಾತ್ರದಲ್ಲಿರುತ್ತದೆ. 399 ಅಂದರೆ ಕೈಯಿಂದ ಹೋಗುವುದು 470 ರೂಪಾಯಿ 82 ಪೈಸೆ. ಆಮೇಲೆ ಇನ್‌ಸ್ಟಾಲೇಷನ್ ಎಷ್ಟು, ಮೋಡೆಮ್‌ಗೆ ಡಿಪಾಸಿಟ್ ಎಷ್ಟು, ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಬೇಕಾ, ಇದನ್ನೆಲ್ಲ ಕೇಳಿ ವರ್ಷದ ಲೆಕ್ಕ ಮಾಡಿ. ತಿಂಗಳ ಲೆಕ್ಕದಲ್ಲಿ ಅಗ್ಗ ಕಂಡಿದ್ದು ವರ್ಷದ ಲೆಕ್ಕದಲ್ಲಿ ದುಬಾರಿಯಾಗುವುದು ನಾನೇ ನೋಡಿದ್ದೇನೆ. ಸಿನಿಮಾ ಆ್ಯಪ್ ಪುಕ್ಕಟೆ ಅಂದರೆ ಮರುಳಾಗಬೇಡಿ, ಅಮ್ಮ ಅದನ್ನು ತೆಗೆಯುವುದೂ ಇಲ್ಲ.

ಈಗ ನಂಬರ್ ವಿಷಯ. ಇಲ್ಲೇ ಬಹಳ ಜನ ಎಡವುವುದು. ಮೊಬೈಲ್ ನಂಬರಿನ ಹಾಗೆ ಲ್ಯಾಂಡ್‌ಲೈನ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಲು ಆಗುವುದಿಲ್ಲ. ಬೆಂಗಳೂರಿನಲ್ಲಿ 080 ಆದ ಮೇಲೆ 2 ಬಂದರೆ ಬಿಎಸ್‌ಎನ್‌ಎಲ್, 4 ಬಂದರೆ ಏರ್‌ಟೆಲ್ ಅಂತ ಹಳಬರು ನಂಬರ್ ನೋಡಿಯೇ ಹೇಳುತ್ತಿದ್ದರು ಅಲ್ವಾ, ನಂಬರ್ ಕಂಪನಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಬ್ಯಾಂಕಿನಲ್ಲಿ, ಮದುವೆ ಕಾಗದದಲ್ಲಿ, ನೆಂಟರ ಡೈರಿಯಲ್ಲಿ ಮೂವತ್ತು ವರ್ಷದಿಂದ ಇರುವ ನಂಬರ್ ಬೇಕೇ ಬೇಕು ಅಂದರೆ ಕಂಪನಿ ಬದಲಿಸಬೇಡಿ, ತಂತಿ ಬದಲಿಸಿ. ಅದೇ ಕಂಪನಿಯವರನ್ನು ಕೇಳಿ: ತಾಮ್ರದ ಲೈನ್ ತೆಗೆದು ಫೈಬರ್ ಹಾಕಿ, ಹಳೆಯ ನಂಬರೇ ಇರಲಿ. ಆಗುತ್ತದೆ ಅಂದರೆ ಅರ್ಜಿಯಲ್ಲೇ ಆ ನಂಬರ್ ಬರೆಸಿ. ಬಾಯಿಮಾತು ನಂಬಬೇಡಿ.

ಚೌಕಾಸಿ ಮಾಡಲು ನಾಚಿಕೆ ಬೇಡ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ಕಡಿಮೆ ಪ್ಲಾನ್ ಇದೆಯಾ" ಅಂತ ಕೇಳಿದರೆ ಸುಮ್ನೆ ಇಲ್ಲ ಅಂತಾರೆ. "ಲೈನ್ ಸರೆಂಡರ್ ಮಾಡ್ತೀನಿ, ಪಕ್ಕದ ಮನೆಯವರು ಇಷ್ಟಕ್ಕೆ ಹಾಕಿಸಿದ್ದಾರೆ" ಅನ್ನಿ. ದನಿ ಬದಲಾಗುತ್ತದೆ, ಇಲ್ಲದಿದ್ದ ಪ್ಲಾನ್ ಹುಟ್ಟಿಕೊಳ್ಳುತ್ತದೆ. ಹಾಗೆಯೇ ಪಕ್ಕದ ಮನೆಯವರನ್ನು ನಿಜವಾಗಲೂ ಕೇಳಿ: ಲೈನ್ ಕೆಟ್ಟರೆ ಎಷ್ಟು ದಿನಕ್ಕೆ ಬರುತ್ತಾರೆ? ಸಣ್ಣ ಊರುಗಳಲ್ಲಿ ಬೋರ್ಡ್ ಯಾವ ಕಂಪನಿಯದಾದರೂ ಫೈಬರ್ ಎಳೆದು ರಿಪೇರಿ ಮಾಡುವವರು ಎಷ್ಟೋ ಕಡೆ ಅಲ್ಲಿನ ಕೇಬಲ್‌ನವರೇ, ಅವರು ಚೆನ್ನಾಗಿದ್ದರೆ ಐವತ್ತು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಒಂದು ವಿಷಯ ಯಾರೂ ಹೇಳುವುದಿಲ್ಲ. ತಾಮ್ರದ ಲೈನಿಗೆ ಕರೆಂಟ್ ಬರುವುದು ಎಕ್ಸ್‌ಚೇಂಜಿನಿಂದ, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತದೆ. ಫೈಬರ್ ಹಾಗಲ್ಲ. ಹಾಕಿಸಿದ ಎರಡನೇ ವಾರ ಸಂಜೆ ಮಳೆಗೆ ಕರೆಂಟ್ ಹೋಯಿತು, ಮೋಡೆಮ್ ದೀಪ ಆರಿತು, ಅಮ್ಮನ ಫೋನ್ ಸತ್ತಿತು. ಅವರ ಮೊಬೈಲ್ ಚಾರ್ಜ್ ಇರಲಿಲ್ಲ. ಒಂದೂವರೆ ಗಂಟೆ ನನಗೆ ಜೀವ ಹೋಗಿ ಬಂತು. ಮರುದಿನವೇ ರೌಟರ್‌ಗೆ ಹಾಕುವ ಪುಟ್ಟ ಯುಪಿಎಸ್ ತಂದಿಟ್ಟೆ. ಮೋಡೆಮ್ ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಲೋ ಬೇರೆಯೋ ಬರೆದಿರುತ್ತದೆ, ಅದಕ್ಕೆ ಹೊಂದುವುದನ್ನೇ ತನ್ನಿ. ಇದರ ಖರ್ಚನ್ನೂ ವರ್ಷದ ಲೆಕ್ಕಕ್ಕೆ ಸೇರಿಸಿ.

ಹೊಸದು ಸರಿಯಾಗಿ ನಡೆಯುವವರೆಗೆ ಹಳೆಯದನ್ನು ತೆಗೆಸಬೇಡಿ. ತೆಗೆಸುವಾಗಲೂ ಬಿಲ್ ಕಟ್ಟುವುದನ್ನು ನಿಲ್ಲಿಸಿ ಸುಮ್ಮನಿರಬೇಡಿ, ಬಾಕಿ ಏರುತ್ತಲೇ ಹೋಗುತ್ತದೆ. ಲಿಖಿತ ಅರ್ಜಿ ಕೊಡಿ, ಮೋಡೆಮ್ ವಾಪಸ್ ಕೊಟ್ಟಿದ್ದಕ್ಕೆ ರಸೀದಿ ತಗೊಳ್ಳಿ, ಡಿಪಾಸಿಟ್ ಯಾವ ಖಾತೆಗೆ ಬರಬೇಕು ಬರೆದುಕೊಡಿ. ನನ್ನ ವೈಫೈ ಕಂಪನಿ (ಹೆಸರು ಬೇಡ) ಮೋಡೆಮ್ ಬಂದೇ ಇಲ್ಲ ಅಂತ ಡಿಪಾಸಿಟ್ ಹಿಡಿದುಕೊಂಡಿತ್ತು, ರಸೀದಿ ಫೋಟೊ ಕಳಿಸಿದ ಮೇಲೆ ಬಂತು. ಹಾಗೂ ಕೊಡದಿದ್ದರೆ ಕಂಪನಿಯಲ್ಲಿ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತಗೊಳ್ಳಿ, ಅದಕ್ಕೂ ಬಗ್ಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ 30 ದಿನದೊಳಗೆ ಬರೆಯಿರಿ, ಫೀಸು ಇಲ್ಲ, 39 ದಿನದಲ್ಲಿ ಅವರು ತೀರ್ಮಾನ ಹೇಳಬೇಕು. ಫೋನ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಬರೆದರೆ ಉಪಯೋಗ ಕಡಿಮೆ, ಒಬ್ಬೊಬ್ಬರ ದೂರು ಅವರು ವಿಚಾರಣೆ ಮಾಡುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಹಳೆಯ ಫೋನ್ ಎಸೆಯಬೇಡಿ. ಬಟನ್ ಇರುವುದಾದರೆ ಮೋಡೆಮ್ ಹಿಂದಿನ ಫೋನ್ ತೂತಿಗೆ ಚುಚ್ಚಿದರೆ ಸಾಕು, ನಡೆಯುತ್ತದೆ. ಬೆರಳು ಹಾಕಿ ತಿರುಗಿಸುವ ಕಾಲದ್ದಾದರೆ ಕರೆ ಬರಬಹುದು, ಆದರೆ ಅದರಿಂದ ಡಯಲ್ ಮಾಡಿದರೆ ಈಗಿನ ಎಷ್ಟೋ ಮೋಡೆಮ್‌ಗಳಿಗೆ ಅರ್ಥವಾಗುವುದಿಲ್ಲ.