ತೆಪೊನಾಸ್ಟ್ಲಿ ಮಾಡುವ ಬಗೆ: ಎರಡು ನಾಲಿಗೆಯ ಅಜ್ಟೆಕ್ ವಾದ್ಯ

ಹಿಂದೆ ಮೆಕ್ಸಿಕೊದಲ್ಲಿ ಆಳಿದ ಅಜ್ಟೆಕ್ಕರ ಕುಣಿತಕ್ಕೆ ಎರಡು ತಾಳವಾದ್ಯಗಳು ಜೋಡಿಯಾಗಿ ನುಡಿಯುತ್ತಿದ್ದವು. ನೆಟ್ಟಗೆ ನಿಲ್ಲುವ ವೆವೆಟ್ಲ್‌ಗೆ ಮೇಲೆ ಚರ್ಮ. ಅದನ್ನು ಬರಿಗೈಯಲ್ಲಿ ಬಾರಿಸುತ್ತಿದ್ದರು. ಅಡ್ಡ ಮಲಗುವ ತೆಪೊನಾಸ್ಟ್ಲಿಗೆ ಚರ್ಮವಿಲ್ಲ, ಮರದಲ್ಲೇ ಕೊರೆದ ಎರಡು ನಾಲಿಗೆಗಳು ಎರಡು ಸ್ವರ ಕೊಡುತ್ತವೆ. ಉಳಿ ಹಿಡಿಯಬಲ್ಲವರು ಮನೆಯಲ್ಲೇ ಮಾಡಬಹುದು.

60 ಸೆಂ.ಮೀ. ಉದ್ದ, 20 ಸೆಂ.ಮೀ. ಅಡ್ಡಳತೆಯ ಗಟ್ಟಿ ಮರದ ದಿಮ್ಮಿ ಸಾಕು. ಚೆನ್ನಾಗಿ ಒಣಗಿರಲೇಬೇಕು, ಹಸಿ ಮರ ತೋಡಿದ ಮೇಲೆ ಒಣಗುತ್ತಾ ಸೀಳುತ್ತದೆ. ಎರಡೂ ತುದಿಯಲ್ಲಿ 11 ಸೆಂ.ಮೀ. ಬಿಟ್ಟು, ಅಡಿಯಿಂದ ತೋಡಿ. ಪಕ್ಕದ ಗೋಡೆ 2 ಸೆಂ.ಮೀ., ಮೇಲ್ಭಾಗ 2.5 ಸೆಂ.ಮೀ. ದಪ್ಪ ಉಳಿಯಲಿ.

ಮೇಲೆ 7 ಸೆಂ.ಮೀ. ಅಂತರದಲ್ಲಿ 38 ಸೆಂ.ಮೀ. ಉದ್ದದ ಎರಡು ಗೆರೆ ಎಳೆಯಿರಿ. ಗರಗಸ ಇಡುವ ಮುಂಚೆ ಅವುಗಳ ನಾಲ್ಕೂ ಕೊನೆಗೆ 6 ಮಿ.ಮೀ. ತೂತು ಕೊರೆಯಿರಿ, ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆಮೇಲೆ ಉದ್ದದ ಸೀಳು, ಕೊನೆಗೆ ಅವೆರಡನ್ನೂ ಕೂಡಿಸುವ ನಡುವಿನ ಅಡ್ಡ ಸೀಳು. ಆಗ ಎದುರುಬದುರಾಗಿ ಎರಡು ನಾಲಿಗೆ ಸಿಗುತ್ತವೆ, ಅಡ್ಡ ಸೀಳಿನ ಕಡೆಯದು ತುದಿ, ಮರಕ್ಕೆ ಅಂಟಿದ ಕಡೆಯದು ಬುಡ.

ನಿಜವಾದ ಕೆಲಸ ಶ್ರುತಿಯದು. ನಾಲಿಗೆಯ ತುದಿಯನ್ನು ಒಳಗಿನಿಂದ ಕೆತ್ತಿದರೆ ಸ್ವರ ಏರುತ್ತದೆ, ಬುಡದಲ್ಲಿ ಕೆತ್ತಿದರೆ ಇಳಿಯುತ್ತದೆ. ತುದಿ ಹಗುರಾದರೆ ಬೇಗ ಕಂಪಿಸುತ್ತದೆ. ಬುಡ ಸವೆದರೆ ಬಿಗಿ ಹೋಗುತ್ತದೆ. ಒಂದೊಂದು ಮಿ.ಮೀ. ತೆಗೆದು ಬಾರಿಸಿ ಕೇಳಿ, ತೆಗೆದ ಮರ ಮತ್ತೆ ಕೂಡದು. ಉಳಿದಿರುವ ಹಳೆಯ ವಾದ್ಯಗಳಲ್ಲಿ ಸ್ವರಾಂತರ ಒಂದೇ ಅಲ್ಲ, ಸ–ರಿಯಷ್ಟು ಹತ್ತಿರವೂ ಇದೆ, ಸ–ಪದಷ್ಟು ದೂರವೂ ಇದೆ.

ಬಾರಿಸುವ ಕೋಲಿನ ಹೆಸರು ಓಲ್ಮೈಟ್ಲ್, ಅಂದರೆ ರಬ್ಬರ್ ಕೈ. ಕೋಲಿನ ತುದಿಗೆ ರಬ್ಬರ್ ಬಿಗಿಯಾಗಿ ಸುತ್ತಿ. ಬರೀ ಕೋಲಿನಿಂದ ಹೊಡೆದರೆ ಸ್ವರ ಮುಚ್ಚಿಹೋಗಿ ಟಕ್ ಸದ್ದಷ್ಟೇ ಬರುತ್ತದೆ. ವಾದ್ಯವನ್ನು ನೆಲಕ್ಕೆ ತಾಗಿಸಬೇಡಿ, ಅಡಿಯ ಬಾಯಿ ಮುಚ್ಚಿ ದನಿ ಸಾಯುತ್ತದೆ. ಸಿಂಬಿಯ ಮೇಲೋ ಪುಟ್ಟ ಮುಕ್ಕಾಲಿಯ ಮೇಲೋ ಇಟ್ಟು, ನಾಲಿಗೆಯ ತುದಿಯಿಂದ 2–3 ಸೆಂ.ಮೀ. ಒಳಗೆ ಬಾರಿಸಿ.

ಕ್ವಿಕಕಲ್ಲಿ ಎಂಬ ಹಾಡಿನ ಮನೆಯಲ್ಲಿ ಹುಡುಗ ಹುಡುಗಿಯರಿಗೆ ಹಾಡು ಕುಣಿತ ಕಲಿಸುತ್ತಿದ್ದರು. ತಾಳ ತಪ್ಪಿದ ವಾದಕನಿಗೆ ದೊರೆ ಮರಣದಂಡನೆಯನ್ನೇ ವಿಧಿಸುತ್ತಿದ್ದ ಎಂದು 16ನೇ ಶತಮಾನದ ಪಾದ್ರಿ ಬರ್ನಾರ್ದಿನೊ ದೆ ಸಹಾಗುನ್ ಬರೆದಿಟ್ಟಿದ್ದಾರೆ. ಅದೇ ಶತಮಾನದ, ಅಜ್ಟೆಕ್ಕರ ನುಡಿಯಾದ ನಾವಾತ್ಲ್‌ನ ಹಾಡುಗಳ ಹಸ್ತಪ್ರತಿಯಲ್ಲಿ ತಾಳದ ಸೊಲ್ಲುಗಳಿವೆ: ತಿ, ತೊ, ಕಿ, ಕೊ. ಮೊದಲು ಸೊಲ್ಲನ್ನು ಬಾಯಲ್ಲಿ ಹೇಳಿ, ತಡವರಿಸದೆ ಬಂದ ಮೇಲೆ ಕೋಲು ಎತ್ತಿಕೊಳ್ಳಿ.